ರೈಲ್ವೆ ಟ್ರ್ಯಾಕ್ ಕೆಲಸದ ಜೊತೆ ಜೇನು ಸಾಕಬಹುದಾ?

ರೈಲ್ವೆಯಲ್ಲಿ ಟ್ರ್ಯಾಕ್ ಮೇಂಟೇನರ್ ಕೆಲಸ ಸಿಕ್ಕಿದೆ, ಜೇನು ಸಾಕುವ ಆಸೆಯೂ ಇದೆ, ಎರಡಕ್ಕೂ ಸಮಯ ಸಿಗುತ್ತದಾ ಎಂದು ಕೇಳಿದ್ದೀರಿ. ಸಿಗುತ್ತದೆ. ನಾನು ಸಕಲೇಶಪುರದಲ್ಲಿ ಕೀಮನ್, ಅಂದರೆ ಹಳಿ ನೋಡಿಕೊಂಡು ನಡೆಯುವವನು. ಹಿತ್ತಲಲ್ಲಿ ಐದು ಪೆಟ್ಟಿಗೆ ತುಡುವೆ ಜೇನು ಇದೆ. ಆದರೆ ನಿಮ್ಮ ಮನೆಯಲ್ಲಿ ಜೇನಿಗೆ ಹೆದರದವರು ಇನ್ನೊಬ್ಬರು ಇರಲೇಬೇಕು.

ಯಾಕೆ ಅಂದರೆ, ಬೆಳಿಗ್ಗೆ ಬೇಗ ಸುತ್ತಿಗೆ, ಸ್ಪ್ಯಾನರ್, ಬಾವುಟ, ಅಪಾಯವಿದ್ದರೆ ಹಳಿ ಮೇಲಿಟ್ಟು ಸದ್ದಿನಿಂದ ರೈಲಿಗೆ ಎಚ್ಚರಿಕೆ ಕೊಡುವ ಡೆಟೊನೇಟರ್ ಹೊತ್ತು ಬೀಟ್‌ಗೆ, ಅಂದರೆ ನಮ್ಮ ಪಾಲಿನ ಹಳಿಗೆ, ಹೊರಟರೆ ನಾವು ಊರಿಗಿಲ್ಲ. ಹೋಗುವಾಗ ಒಂದು ಹಳಿ ನೋಡಿಕೊಂಡು ಹೋಗಬೇಕು, ಬರುವಾಗ ಇನ್ನೊಂದು. ಸಡಿಲವಾದ ಕ್ಲಿಪ್ ಹೊಡೆದು ಕೂರಿಸಬೇಕು, ಬೋಲ್ಟ್ ಬಿಗಿ ಮಾಡಬೇಕು. ಅದರ ಮೇಲೆ ನಮ್ಮದು ಘಾಟಿ ಲೈನ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಎಷ್ಟೋ ಕಡೆ ಫೋನ್ ಸಿಗಲ್ಲ.

ಜೇನು ಪಾಲಾಗುವುದು ಬಿಸಿಲು ಏರುವ ಹೊತ್ತಿಗೇ. ಹಳೇ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಟು ಹಲಸಿನ ಕೊಂಬೆಯಲ್ಲಿ ಗೊಂಚಲಾಗಿ ಕೂತಿರುತ್ತದೆ, ನಾನು ಸುರಂಗದೊಳಗೆ ಇರುತ್ತೇನೆ. ಆಗ ನೀರು ಚಿಮುಕಿಸಿ ಅದನ್ನು ಗೋಣಿಚೀಲಕ್ಕೆ ಇಳಿಸುವುದು ನನ್ನ ಹೆಂಡತಿ. ಊರವರು ಜೇನಿನವರು ಅಂತ ನನ್ನನ್ನು ಕರೆಯುತ್ತಾರೆ. ಅದು ಸ್ವಲ್ಪ ಅನ್ಯಾಯ, ಅಲ್ವಾ?

ಉಳಿದ ಕೆಲಸ ಡ್ಯೂಟಿ ಮುಗಿಸಿ ಬಂದು ಮಾಡಬಹುದು. ವಾರಕ್ಕೊಮ್ಮೆ ಮುಚ್ಚಳ ತೆಗೆದು ಎರಿ (ಜೇನಿನ ಮೇಣದ ಹಲ್ಲೆ) ನೋಡಬೇಕು, ಹೊಸ ರಾಣಿಯ ಕೋಶ ಇಳಿಬಿದ್ದಿದೆಯಾ ಅಂತ. ಅದು ಕಂಡರೆ ಜೇನು ಪಾಲಾಗುವ ಸೂಚನೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತಲ್ಲ. ಸಕ್ಕರೆ ಪಾಕ ಸಂಜೆ ಮೇಲೇ ಕೊಡಬೇಕು. ಹಗಲು ಕೊಟ್ಟರೆ ಪಕ್ಕದ ಪೆಟ್ಟಿಗೆಯ ಜೇನುನೊಣಗಳು ಕದಿಯೋಕೆ ನುಗ್ಗಿ ಜಗಳ ಶುರು.

ನಿಜವಾದ ಕಷ್ಟ ಮಳೆಗಾಲ. ಜೂನ್ ಬಂತೆಂದರೆ ನಮಗೆ ರಾತ್ರಿ ಪೆಟ್ರೋಲಿಂಗ್. ಟಾರ್ಚ್ ಹಿಡಿದು ಗುಡ್ಡ ಜರಿದಿದೆಯಾ, ಕಲ್ಲು ಉರುಳಿದೆಯಾ ಅಂತ ನೋಡುತ್ತ ನಡೆಯಬೇಕು. ಅದೇ ತಿಂಗಳುಗಳಲ್ಲಿ ಜೇನಿಗೆ ಹೂವಿಲ್ಲ, ಹೊರಗೆ ಹಾರೋಕೂ ಆಗಲ್ಲ. 2018ರ ಆಗಸ್ಟ್‌ನಲ್ಲಿ ಘಾಟಿಯಲ್ಲಿ ಸಾಲು ಸಾಲಾಗಿ ಗುಡ್ಡ ಕುಸಿದು ಲೈನ್ ವಾರಗಟ್ಟಲೆ ಬಂದ್ ಆಗಿತ್ತು. ಹೆಂಡತಿ ತವರಿನಲ್ಲಿದ್ದಳು. ನಾನು ಮನೆಗೆ ಬಂದರೆ ಮಲಗುವುದಷ್ಟೇ. ಪೆಟ್ಟಿಗೆ ತೆರೆದಾಗ ಎರಡರಲ್ಲಿ ಒಂದು ನೊಣವೂ ಇರಲಿಲ್ಲ, ಎರಿ ತುಂಬ ಮೇಣದ ಹುಳು ಬಲೆ ಕಟ್ಟಿತ್ತು. ತಪ್ಪು ನನ್ನದೇ. ಈಗ ಮೇ ಕೊನೆಯಲ್ಲೇ ಸಕ್ಕರೆ ತಂದಿಡುತ್ತೇನೆ. ಜೇನು ತೆಗೆಯುವಾಗ ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆ ಮುಟ್ಟಲ್ಲ.

ಆ ಪೆಟ್ಟಿಗೆಗಳು ಅಪ್ಪನ ಕಾಲದವು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಮರಿಹುಳು ನೀರು ತುಂಬಿದ ಚೀಲದ ಹಾಗೆ ಆಗಿ ಕೋಶದಲ್ಲೇ ಸಾಯುತ್ತದೆ. ಅಪ್ಪ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲಿಲ್ಲ. ಇಳಿಸಿದ್ದು ನಾನು, ಕೆಲಸಕ್ಕೆ ಸೇರಿದ ಮೇಲೆ.

ಇನ್ನೊಂದು ಮಾತು. ನೀವು ಜೇನು ಸಾಕುವುದು ಹಳಿ ಕೆಲಸದ ಗ್ಯಾಂಗ್‌ನಲ್ಲಿ ಗೊತ್ತಾದರೆ ಸೇತುವೆ ಕೆಳಗೆ ಹೆಜ್ಜೇನು ಕಟ್ಟಿದಾಗಲೂ ನಿಮ್ಮನ್ನೇ ಮುಂದೆ ತಳ್ಳುತ್ತಾರೆ. ಹೋಗಬೇಡಿ. ತುಡುವೆ ಹೊಗೆಗೆ ತಣ್ಣಗಾಗುತ್ತದೆ. ಹೆಜ್ಜೇನು ಎದ್ದರೆ ಓಡಿದರೂ ಬೆನ್ನು ಬಿಡಲ್ಲ. ಗ್ಯಾಂಗ್‌ನ ಮುಖ್ಯಸ್ಥ ಮೇಟ್‌ಗೆ ಹೇಳಿ ಅಲ್ಲಿ ಸುತ್ತಿಗೆ ಏಟು ಬೀಳದ ಹಾಗೆ ನೋಡಿಕೊಳ್ಳಿ. ಆನೆಯೂ ಜೇನಿಗೆ ಹೆದರುತ್ತದೆ. ಅಸ್ಸಾಂ ಕಡೆ ಆನೆ ಹಳಿಗೆ ಬರದಿರಲಿ ಅಂತ ರೈಲ್ವೆಯವರೇ ಸ್ಪೀಕರ್‌ನಲ್ಲಿ ಜೇನಿನ ಸದ್ದು ಹಾಕುತ್ತಾರೆ. ನಮ್ಮ ಮೇಟ್ ಇದನ್ನು ಕೇಳಿದಾಗಿನಿಂದ ನನ್ನ ಪೆಟ್ಟಿಗೆಗಳನ್ನು ಘಾಟಿಯಲ್ಲಿ ಇಡೋಣ ಅಂತ ಕಾಡುತ್ತಿದ್ದಾರೆ.

ಲಾಭದ ಆಸೆ ಬೇಡ. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿದ್ದು ಕಾಫಿ, ಆಮೇಲೆ ಕಾಡಿನ ನೇರಳೆ ಹೂವು ಕೈ ಹಿಡಿದರೆ ಪೆಟ್ಟಿಗೆಗೆ ಐದಾರು ಕಿಲೋ ಸಿಕ್ಕೀತು. ಎರಡು ಪೆಟ್ಟಿಗೆಯಿಂದ ಶುರು ಮಾಡಿ. ದುಡ್ಡು ಕೊಟ್ಟೇ ತರಬೇಕೆಂದೂ ಇಲ್ಲ. ನನ್ನ ಐದನೆಯ ಕುಟುಂಬ ಸಿಕ್ಕಿದ್ದು ಹಳಿ ಪಕ್ಕದ ಸಿಗ್ನಲ್ ಡಬ್ಬಿಯೊಳಗೆ. ಅದನ್ನು ನಾವು ತೆರೆಯುವ ಹಾಗಿಲ್ಲ. ಸಿಗ್ನಲ್‌ನವರು ಬಂದು ಬೀಗ ತೆಗೆದು ದೂರ ನಿಂತರು, ನಾನು ಎರಿ ಕೊಯ್ದು ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟಿಕೊಂಡೆ. ಅವರಿಗೆ ವರ್ಷಕ್ಕೊಂದು ಬಾಟಲಿ ಅಂತ ಮಾತಾಗಿದೆ. ಈ ವರ್ಷದ್ದು ಇನ್ನೂ ಬಾಕಿ.