ಶೇಯ್ಸ್ ನಿಕ್ಸ್ ಆಟಗಾರ ಅಲ್ಲ, ತಪ್ಪಾಯ್ತು ಸರ್

ಹೋದ ತಿಂಗಳ ಕ್ರೀಡಾ ಸಂಚಿಕೇಲಿ ಅಮೆರಿಕದ ಹಳೇ ಬ್ಯಾಸ್ಕೆಟ್‌ಬಾಲ್ ಆಟಗಾರ ಡಾಲ್ಫ್ ಶೇಯ್ಸ್ ಬಗ್ಗೆ ಒಂದು ಪುಟ ಹಾಕಿದ್ವಿ. ಅದನ್ನ ಓದಿ ಹಾಸನದ ಓದುಗರೊಬ್ರು ನಾಲ್ಕು ಪುಟ ಕಾಗದ ಬರೆದಿದ್ದಾರೆ. ಅವರ ಆಕ್ಷೇಪ ಮೂರು. ಫೋಟೋ ಕೆಳಗೆ ‘ನ್ಯೂಯಾರ್ಕ್ ನಿಕ್ಸ್ ತಂಡದ ತಾರೆ’ ಅಂತ ಹಾಕಿದ್ದು ಶುದ್ಧ ತಪ್ಪು. ಎರಡನೇದು, ‘ಯಹೂದಿ’ ಅಂತ ಮೂರು ಸಲ ಬರೆದಿದ್ದೀರಿ, ನಮ್ಮ ಆಟಗಾರರ ಜಾತಿ ಹಿಂಗೆ ಬರೆದ್ರೆ ನೀವೇ ಸುಮ್ನಿರ್ತೀರಾ. ಮೂರನೇದು, ಆ ಕಾಲದ ಆಟ ನಿಧಾನ, ಆತ ಈಗಿದ್ದಿದ್ರೆ ಬೆಂಚಲ್ಲಿ ಕೂತಿರ್ತಿದ್ದ.

ಸರ್, ಮೊದಲನೇದು ನೂರಕ್ಕೆ ನೂರು ನಮ್ಮದೇ ತಪ್ಪು. ಹುಟ್ಟಿದ್ದು ಬೆಳೆದಿದ್ದು ನ್ಯೂಯಾರ್ಕಿನ ಬ್ರಾಂಕ್ಸಲ್ಲಿ, ಓದಿದ್ದು ನ್ಯೂಯಾರ್ಕ್ ಯೂನಿವರ್ಸಿಟೀಲಿ, ಹಂಗಾಗಿ ನಿಕ್ಸೇ ಇರ್ಬೇಕು ಅಂತ ಕ್ಯಾಪ್ಷನ್ ಬರೆಯೋರು ಅಂದ್ಕೊಂಡ್ರು, ನಾನೂ ನೋಡ್ಲಿಲ್ಲ. ನಿಜ ಏನಪ್ಪಾ ಅಂದ್ರೆ 1948ರಲ್ಲಿ ಅಮೆರಿಕದಲ್ಲಿ ಎರಡು ಬ್ಯಾಸ್ಕೆಟ್‌ಬಾಲ್ ಲೀಗ್ ಇತ್ತು, ಬಿಎಎ ಒಂದು ಎನ್‌ಬಿಎಲ್ ಒಂದು, ಒಂದಕ್ಕೊಂದು ಜಿದ್ದು. ಬಿಎಎ ಕಡೆಯಿಂದ ನಿಕ್ಸ್‌ನವರು ಶೇಯ್ಸನ್ನ ಆರಿಸಿದ್ರು. ಎನ್‌ಬಿಎಲ್ ಕಡೆ ಅವನನ್ನ ಸೇರಿಸ್ಕೊಳ್ಳೋ ಹಕ್ಕು ಕೈ ಬದಲಾಗಿ ಸಿರಾಕ್ಯೂಸ್ ನ್ಯಾಷನಲ್ಸ್‌ಗೆ ಬಂತು. ಹೊಸ ಹುಡುಗರಿಗೆ ಸಂಬಳ ಇಷ್ಟೇ ಅಂತ ಬಿಎಎ ಲೀಗಲ್ಲಿ ಮಿತಿ ಇದ್ದಿದ್ರಿಂದ ನಿಕ್ಸ್ 5,000 ಡಾಲರ್ ಅಂತು, ಸಿರಾಕ್ಯೂಸ್ 7,500 ಅಂತು. ಇಪ್ಪತ್ತು ವರ್ಷದ ಹುಡುಗ, ರೊಮೇನಿಯಾದಿಂದ ವಲಸೆ ಬಂದ ಅಪ್ಪ ಅಮ್ಮನ ಮಗ, ಎರಡೂವರೆ ಸಾವಿರ ಡಾಲರ್ ಜಾಸ್ತಿ ಅಂದ್ರೆ ಯಾರು ಬಿಡ್ತಾರೆ? ಗಂಟು ಮೂಟೆ ಕಟ್ಕೊಂಡು ಸಿರಾಕ್ಯೂಸಿಗೆ ಹೋದ. ಮರುವರ್ಷವೇ ಎರಡೂ ಲೀಗ್ ಸೇರಿ ಎನ್‌ಬಿಎ ಅನ್ನೋ ಒಂದೇ ಲೀಗ್ ಆಯ್ತು, ಇವನು ಮಾತ್ರ ಆ ಊರು ಬಿಡ್ಲಿಲ್ಲ. 1963ರಲ್ಲಿ ತಂಡವನ್ನೇ ಫಿಲಡೆಲ್ಫಿಯಾಗೆ ಸಾಗಿಸಿ 76ಅರ್ಸ್ ಅಂತ ಹೆಸರು ಬದಲಾಯಿಸಿದಾಗ ಅದರ ಜೊತೆ ಹೋಗಿ ಒಂದು ವರ್ಷ ಆಡಿದ್ದು ಬಿಟ್ರೆ ಪೂರ್ತಿ ಆಟ ಅಲ್ಲೇ. 2015ರಲ್ಲಿ ತೀರ್ಕೊಂಡಿದ್ದೂ ಸಿರಾಕ್ಯೂಸಲ್ಲೇ.

ಎರಡನೇ ಮಾತಿಗೆ ಅಷ್ಟು ಸುಲಭವಾಗಿ ಒಪ್ಪಲ್ಲ ನಾನು. ಜಾತಿ ಹೇಳಿ ಹೊಗಳೋದು ಬೇರೆ, ಒಬ್ಬ ಮನುಷ್ಯ ಆ ಅಂಗಳಕ್ಕೆ ಹೆಂಗೆ ಬಂದ ಅಂತ ಹೇಳೋದು ಬೇರೆ. 1930, 40ರ ದಶಕದ ನ್ಯೂಯಾರ್ಕಲ್ಲಿ ಬ್ಯಾಸ್ಕೆಟ್‌ಬಾಲ್ ಅಂದ್ರೆ ಹೆಚ್ಚುಕಮ್ಮಿ ಯಹೂದಿ ಹುಡುಗರ ಕೇರಿ ಆಟ. ಬೇಸ್‌ಬಾಲಿಗೆ ಮೈದಾನ ಬೇಕು, ಒತ್ತೊತ್ತಾಗಿ ಮನೆ ಇರೋ ಕಡೆ ಮೈದಾನ ಎಲ್ಲಿಂದ ತರ್ತಾರೆ, ಗೋಡೆಗೊಂದು ರಿಂಗ್ ಸಾಕಿತ್ತು. 1946ರ ನವೆಂಬರ್ 1ರಂದು ಟೊರಾಂಟೋದಲ್ಲಿ ಬಿಎಎ ಲೀಗಿನ ಮೊಟ್ಟಮೊದಲ ಬುಟ್ಟಿ ಹಾಕಿದ್ದೂ ನಿಕ್ಸ್‌ನ ಆಸಿ ಶೆಕ್ಟ್‌ಮನ್ ಅನ್ನೋ ಯಹೂದಿ ಆಟಗಾರನೇ. ಆದ್ರೆ ಆವಾಗ ಪೇಪರಲ್ಲಿ ಏನು ಬರೀತಿದ್ರು ಗೊತ್ತಾ? ಆ ಕಾಲದ ಒಬ್ಬ ಹೆಸರಾಂತ ಕ್ರೀಡಾ ಬರಹಗಾರ, ಈ ಆಟಕ್ಕೆ ಕುತಂತ್ರದ ತಲೆ, ಚಾಲಾಕಿತನ ಬೇಕು, ಅದಕ್ಕೇ ಇವರಿಗೆ ಇದು ಹೊಂದುತ್ತೆ ಅಂತ ಬರೆದುಬಿಟ್ಟ. ನೀವು ಹೇಳೋ ತರದ ಜಾತಿ ಬರಹ ಅಂದ್ರೆ ಅದು ಸರ್. ಶೇಯ್ಸ್ ನೋಡಿದ್ರೆ ಆರಡಿ ಎಂಟಿಂಚು ಎತ್ತರ, ಚಾಲಾಕಿತನ ಅವನ ಬಂಡವಾಳ ಆಗಿರ್ಲೇ ಇಲ್ಲ, ಕತ್ತೆ ತರ ದುಡಿಯೋ ಆಸಾಮಿ. ಇನ್ನೊಂದು, ಅವನ ಪೂರ್ತಿ ಹೆಸರು ಅಡಾಲ್ಫ್. 1928ರಲ್ಲಿ ಹುಟ್ಟಿದ ಯಹೂದಿ ಕೂಸಿಗೆ ಆ ಹೆಸರು! ಇಟ್ಟಾಗ ಯಾರಿಗೆ ಗೊತ್ತಿತ್ತು ಪಾಪ. ಮೂರು ಸಲ ಬರೆದಿದ್ದು ಜಾಸ್ತಿ ಆಯ್ತು ಅಂತೀರಾ, ಸರಿ, ಒಂದು ಸಲ ಸಾಕಿತ್ತು.

ಈಗ ಬೆಂಚಿನ ವಿಷ್ಯಕ್ಕೆ ಬರೋಣ, ನನಗೆ ನಿಜವಾಗ್ಲೂ ಉತ್ತರ ಬರೀಬೇಕು ಅನ್ಸಿದ್ದು ಇದಕ್ಕೇ.

ಅವನ ಶಾಟ್ ಹಳೇ ಕಾಲದ್ದು, ಒಪ್ತೀನಿ. ಎರಡೂ ಕಾಲು ನೆಲದ ಮೇಲೆ, ಎರಡೂ ಕೈಯಿಂದ ಬಾಲನ್ನ ತಲೆ ಮೇಲಿಂದ ಬಿಡೋದು, ಅದು ಆಕಾಶಕ್ಕೆ ಹೋಗಿ ಬರೋದು. ಎಷ್ಟು ಎತ್ತರ ಅಂದ್ರೆ ಜನ ಅದಕ್ಕೆ ರಷ್ಯಾ ಹಾರಿಸಿದ ಉಪಗ್ರಹದ ಹೆಸರು, ‘ಸ್ಪುಟ್ನಿಕ್’ ಅಂತ ಇಟ್ಟಿದ್ರು. ಇವತ್ತು ನಿಂತಲ್ಲೇ ಹಂಗೆ ಎಸೆಯೋಕೆ ಹೋದ್ರೆ ಯಾರಾದ್ರೂ ಹಾರಿ ಬಡಿದು ಹಾಕ್ತಾರೆ. ಆದ್ರೆ ದೂರದಿಂದ ಹಾಕೋ ಎತ್ತರದ ಆಳಿಗಾಗಿ ಇವತ್ತು ಎಲ್ಲಾ ತಂಡಗಳೂ ಹುಡುಕಾಡ್ತಾವೆ, ಅವನು ಅದನ್ನ 1950ರಲ್ಲೇ ಮಾಡ್ತಿದ್ದ, ಮೂರು ಪಾಯಿಂಟಿನ ಗೆರೆ ಎನ್‌ಬಿಎಗೆ ಬಂದಿದ್ದು 1979ರಲ್ಲಿ, ಅಲ್ಲೀವರೆಗೂ ಎಷ್ಟು ದೂರದಿಂದ ಹಾಕಿದ್ರೂ ಎರಡೇ.

ಆಮೇಲೆ ಕೈ ಕಥೆ. ಬಲಗೈ ಮಣಿಕಟ್ಟು ಮುರೀತು, ಪ್ಲಾಸ್ಟರ್ ಹಾಕ್ಕೊಂಡೇ ಆಡಿದ. ಬೇರೆ ದಾರಿ ಇಲ್ದೆ ಎಡಗೈಯಲ್ಲಿ ಹಾಕೋದು ಕಲಿತ. ಮುಂದೆ ಎಡಗೈನೂ ಮುರೀತು, ಆಗ ಬಲಗೈ ಶಾಟನ್ನ ಇನ್ನಷ್ಟು ತಿದ್ದಿಕೊಂಡ. ಎದುರಾಳಿಗೆ ಯಾವ ಕಡೆ ತಡೀಬೇಕು ಅಂತಾನೇ ತಿಳೀದಂಗಾಯ್ತು. 1952ರ ಫೆಬ್ರವರಿಯಿಂದ 1961ರ ಡಿಸೆಂಬರ್ 26ರ ತನಕ ಒಂದೂ ತಪ್ಪಿಸದೆ 706 ಆಟ ಆಡಿದಾನೆ ಸರ್, ಕೊನೆಗೆ ಕೆನ್ನೆ ಮೂಳೆ ಮುರಿದು ಕೂರಬೇಕಾಯ್ತು. 1958ರಲ್ಲಿ ಆ ಕಾಲದ ದೊಡ್ಡ ಆಟಗಾರ ಜಾರ್ಜ್ ಮೈಕನ್‌ನ ಒಟ್ಟು ಪಾಯಿಂಟಿನ ದಾಖಲೆ ದಾಟಿದ, 1960ರಲ್ಲಿ 15,000 ಪಾಯಿಂಟ್ ಮುಟ್ಟಿದ ಮೊದಲನೇ ಎನ್‌ಬಿಎ ಆಟಗಾರ ಆದ. 12 ಸಲ ಆಲ್‌ಸ್ಟಾರ್, ಅಂದ್ರೆ ಲೀಗಿನ ಆಯ್ದ ತಾರೆಯರ ಪಂದ್ಯಕ್ಕೆ ಆಯ್ಕೆ. 1955ರಲ್ಲಿ ಸಿರಾಕ್ಯೂಸ್ ಚಾಂಪಿಯನ್, ಫೈನಲಿನ ಏಳನೇ ಆಟ 92–91, ಒಂದೇ ಒಂದು ಪಾಯಿಂಟು. ಆಟ ನಿಧಾನ ಅಂದ್ರಲ್ಲ, 24 ಸೆಕೆಂಡ್ ಒಳಗೆ ಶಾಟ್ ಹೊಡೀಬೇಕು ಅನ್ನೋ ನಿಯಮ ಬಂದ ಮೊದಲ ವರ್ಷವೇ ಅದು, ಅದನ್ನ ಹಠ ಹಿಡಿದು ತಂದಿದ್ದೂ ಇದೇ ತಂಡದ ಮಾಲೀಕ, ಬೌಲಿಂಗ್ ಆಲಿ (ಚೆಂಡು ಉರುಳಿಸಿ ಗೂಟ ಬೀಳಿಸೋ ಆಟದ ಜಾಗ) ನಡೆಸ್ತಿದ್ದ ಡ್ಯಾನಿ ಬಿಯಾಸೋನ್.

ಕೋಚ್ ಆಗಿದ್ದೂ ನಮ್ಮ ಲೇಖನದಲ್ಲಿ ಬಿಟ್ಟುಹೋಗಿತ್ತು. 1966ರಲ್ಲಿ ಫಿಲಡೆಲ್ಫಿಯಾನ 55 ಆಟ ಗೆಲ್ಲಿಸಿ ವರ್ಷದ ಕೋಚ್ ಅನ್ನಿಸ್ಕೊಂಡ, ಪ್ಲೇಆಫಲ್ಲಿ ಬಾಸ್ಟನ್ ಕೈಲಿ ಸೋತ, ಕೆಲಸ ಹೋಯ್ತು. ಮರುವರ್ಷ ಅದೇ ತಂಡ ಬೇರೆ ಕೋಚ್ ಕೈಲಿ ಚಾಂಪಿಯನ್! 1977ರಲ್ಲಿ ಇಸ್ರೇಲಲ್ಲಿ ನಡೆಯೋ ಯಹೂದಿ ಆಟಗಾರರ ಮಕಾಬಿಯಾ ಕ್ರೀಡಾಕೂಟಕ್ಕೆ ಅಮೆರಿಕ ತಂಡ ಕರ್ಕೊಂಡು ಹೋಗಿ ಚಿನ್ನ ಗೆದ್ದ, ಆ ತಂಡದಲ್ಲಿ ಅವನ ಮಗ ಡ್ಯಾನಿನೂ ಇದ್ದ. ಆ ಮಗ ಮುಂದೆ 18 ಸೀಸನ್ ಎನ್‌ಬಿಎ ಆಡಿದ.

ಕಾಗದದ ಕೊನೇಲಿ ನಿಮ್ಮ ಮಗಳು ಸ್ಕೂಲ್ ಟೀಮಲ್ಲಿದಾಳೆ, ಫ್ರೀ ಥ್ರೋ (ಫೌಲ್ ಆದಾಗ ಯಾರೂ ತಡೆಯದೆ ಎಸೆಯೋಕೆ ಸಿಗೋ ಅವಕಾಶ) ಬರೀ ಮಿಸ್ ಮಾಡ್ತಾಳೆ ಅಂತ ಬರೆದಿದ್ರಲ್ಲ. ಶೇಯ್ಸ್ ಪ್ರಾಕ್ಟೀಸಿಗೆ 18 ಇಂಚಿನ ರಿಂಗ್ ಒಳಗೆ 14 ಇಂಚಿನ ಇನ್ನೊಂದು ರಿಂಗ್ ಕೂರಿಸ್ಕೊಂಡು ಎಸೀತಿದ್ದ, ಮೂರು ಸೀಸನ್ ಇಡೀ ಲೀಗಿಗೇ ಫ್ರೀ ಥ್ರೋದಲ್ಲಿ ಮೊದಲಿಗ. ಮೊನ್ನೆ ಆಫೀಸ್ ನೆಲದ ಮೇಲೆ ಚಾಕ್‌ಪೀಸಲ್ಲಿ ಎರಡೂ ವೃತ್ತ ಬರೆದು ಮಧ್ಯ ಬಾಲ್ ಇಟ್ಟು ನೋಡಿದ್ವಿ. ಬಾಲೇ ಒಂಬತ್ತೂವರೆ ಇಂಚು, ದೊಡ್ಡದರಲ್ಲಿ ಸುತ್ತ ನಾಲ್ಕು ಬೆರಳು ಆರಾಮಾಗಿ ಹೋಗುತ್ತೆ, ಚಿಕ್ಕದರಲ್ಲಿ ಮೂರು ತೂರಿಸೋಕೂ ಒದ್ದಾಟ. ಒಳಗಿನ ರಿಂಗ್ ಎಲ್ಲೂ ಕೊಂಡ್ಕೊಳ್ಳೋದು ಬೇಡ, ಯಾವ ವೆಲ್ಡಿಂಗ್ ಶಾಪಲ್ಲಾದ್ರೂ ಕಂಬಿ ಬಗ್ಗಿಸಿ ಮಾಡ್ಕೊಡ್ತಾರೆ, ಅಳತೆ ಮಾತ್ರ ಬರೆದು ಕೊಡಿ. ಕ್ಯಾಪ್ಷನ್ ತಿದ್ದುಪಡಿ ಮುಂದಿನ ಸಂಚಿಕೇಲಿ ಬರುತ್ತೆ.

– ಸಂ.