ಮನೆಯಲ್ಲಿ ಐದು ಜನ, ಮೊಟ್ಟೆ ನಾಲ್ಕು

ಇದು ರಕ್ತ ಕಡಿಮೆಯಾಗಿ ಊಟದ ಸಲಹೆಗೆ ನನ್ನ ಹತ್ತಿರ ಬಂದ ಒಬ್ಬ ಹೆಣ್ಣುಮಗಳ ಕಥೆ. ಹೆಸರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಂಥ ಹೆಣ್ಣುಮಕ್ಕಳು ತಿಂಗಳಿಗೆ ನಾಲ್ಕೈದು ಜನ ನನ್ನ ಎದುರಿಗೆ ಬಂದು ಕೂರುತ್ತಾರೆ. ಬರೆಯಲು ಅದೇ ಕಾರಣ.

ಸುಧಾ ಅನ್ನೋಣ. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಮೆಷಿನ್ ಮುಂದೆ ಕೂತಾಗ ಕಣ್ಣು ಕತ್ತಲೆ ಬರುತ್ತಿತ್ತು. ಹಿಮೋಗ್ಲೋಬಿನ್ 8.2 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರು ಮುಟ್ಟಿನ ವಿಚಾರ ಕೇಳಿ, ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆ ಕೊಟ್ಟು, ಊಟದ ಬಗ್ಗೆ ಮಾತಾಡಲು ನನ್ನ ಹತ್ತಿರ ಕಳಿಸಿದರು.

ಮೊದಲ ಸಲ ನಾನು ಅಚ್ಚು ಹಾಕಿಸಿದ ಪಟ್ಟಿ ಕೊಟ್ಟೆ. ದಾಳಿಂಬೆ, ಖರ್ಜೂರ, ಬಾದಾಮಿ, ಬೀಟ್‌ರೂಟ್. ಎರಡನೇ ಸಲ ಆಕೆ ಆ ಹಾಳೆಯನ್ನು ಮೇಜಿನ ಮೇಲಿಟ್ಟು, "ಇದನ್ನ ಬೇರೆ ಯಾರಿಗಾದ್ರೂ ಕೊಡಿ ಮೇಡಂ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ನನಗೆ ಇನ್ನೂ ಅದು ಚುಚ್ಚುತ್ತದೆ. ಆ ಪಟ್ಟಿ ಕೊಡುವುದನ್ನು ಅವತ್ತೇ ನಿಲ್ಲಿಸಿದೆ. ಬೀಟ್‌ರೂಟ್‌ನಲ್ಲಿ ಕಬ್ಬಿಣ ತೀರ ಕಡಿಮೆ, ಬಣ್ಣ ಕೆಂಪು ಅಷ್ಟೇ. ದಾಳಿಂಬೆಯಲ್ಲೂ ಹೆಚ್ಚೇನಿಲ್ಲ.

ಮೂರನೇ ಸಲ ಪಟ್ಟಿ ಇಲ್ಲದೆ ಕೂತೆ. "ಮೊನ್ನೆ ಭಾನುವಾರ ಒಲೆ ಹಚ್ಚಿದಾಗಿನಿಂದ ಮಲಗುವವರೆಗೆ ಏನೇನಾಯ್ತು, ಹೇಳಿ" ಎಂದೆ. ಹೇಳುತ್ತಾ ಹೋದರು. ಬೆಳಗ್ಗೆ ಚಿತ್ರಾನ್ನ. ಮಕ್ಕಳಿಗೆ ಹಾಲಿಗೆ ಡಬ್ಬಿ ಪೌಡರ್. ಮಧ್ಯಾಹ್ನ ಅನ್ನ, ಮೊಟ್ಟೆ ಸಾರು.

"ಎಷ್ಟು ಮೊಟ್ಟೆ ತಂದ್ರಿ?"

"ನಾಲ್ಕು."

"ಯಾರ್ಯಾರಿಗೆ?"

"ಅವರಿಗೊಂದು, ಅತ್ತೆಗೊಂದು, ಮಕ್ಕಳಿಗೆ ಒಂದೊಂದು."

"ನಾಲ್ಕೇ ಯಾಕೆ ತಂದಿದ್ದು? ದುಡ್ಡು ಸಾಲಲಿಲ್ವಾ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ನಾವು ನಾಲ್ಕೇ ಜನ ಅಲ್ವಾ ಮೇಡಂ."

ನಾನು ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಆಕೆಯೇ ಬೆರಳು ಮಡಚಿದರು. ಮತ್ತೊಮ್ಮೆ ಮಡಚಿದರು. ಆಮೇಲೆ ಸೆರಗು ಕಣ್ಣಿಗೆ ಹೋಯಿತು.

ಒಂದು ಮೊಟ್ಟೆಗೆ ಆಗ ಆರೇಳು ರೂಪಾಯಿ ಇತ್ತು. ಅದು ಆ ಮನೆಗೆ ದೊಡ್ಡ ದುಡ್ಡಲ್ಲ. ಡಬ್ಬಿ ಪೌಡರ್‌ಗೆ ತಿಂಗಳಿಗೆ ನಾನೂರು ಚಿಲ್ಲರೆ ಹೋಗುತ್ತಿತ್ತು. ಕೊರತೆ ಇದ್ದದ್ದು ದುಡ್ಡಿಗಿಂತ ಜಾಸ್ತಿ ಲೆಕ್ಕದಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಅದರ ಅರ್ಧವೂ ಇಲ್ಲ. ಮುಟ್ಟು, ಹೆರಿಗೆ ದೊಡ್ಡ ಕಾರಣಗಳೇ, ಒಪ್ಪುತ್ತೇನೆ. ಆದರೆ ಕೊನೆಗೆ ಉಂಡು, ತಳದಲ್ಲಿ ಉಳಿದದ್ದನ್ನು ಬಳಿದುಕೊಳ್ಳುವ ಪಾಲೂ ಅದರಲ್ಲಿದೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ನಾನು ಕೊಟ್ಟ ಸಲಹೆ ಇಷ್ಟು. ಡಬ್ಬಿ ಮುಗಿದ ಮೇಲೆ ಇನ್ನೊಂದು ತರಬೇಡಿ. ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಅಂತ ತೋರಿಸಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ಆ ದುಡ್ಡಿಗೆ ಮೊಟ್ಟೆ, ಕಡಲೆಬೀಜ, ಹುರುಳಿಕಾಳು ಬರುತ್ತದೆ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಕಬ್ಬಿಣವೂ ಇದೆ. ರೇಷನ್ ರಾಗಿಯನ್ನು ಆಕೆ ಪಕ್ಕದ ಮನೆಗೆ ಕೊಟ್ಟುಬಿಡುತ್ತಿದ್ದರು, ಮಕ್ಕಳು ಮುದ್ದೆ ತಿನ್ನಲ್ಲ ಅಂತ. ರೊಟ್ಟಿ ಮಾಡಿ, ನುಗ್ಗೆಸೊಪ್ಪು ಸೇರಿಸಿ ಎಂದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ವಾರಕ್ಕೆರಡು ಸಲ ಬಸ್ಸಾರು. ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಸಾರು ಮಾಡುವ ನಮ್ಮ ಹಳೇ ಮೈಸೂರು ಕಡೆಯ ಹೆಂಗಸರಿಗೆ ಯಾವ ತಜ್ಞರ ಪಾಠವೂ ಬೇಕಿಲ್ಲ. ತಟ್ಟೆಗೆ ಅರ್ಧ ಹೋಳು ನಿಂಬೆ ಹಿಂಡಿಕೊಳ್ಳಿ, ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಆಗ ಚೆನ್ನಾಗಿ ಮೈಗೆ ಸೇರುತ್ತದೆ. ಊಟದ ಜೊತೆಗಾಗಲಿ, ಮಾತ್ರೆ ಜೊತೆಗಾಗಲಿ ಟೀ ಬೇಡ.

ಇಷ್ಟು ಯಾರಾದರೂ ಹೇಳುತ್ತಾರೆ. ನನ್ನ ಮೇಲೆ ಆಕ್ಷೇಪ ಬಂದದ್ದು ಕೊನೆಯ ಸಲಹೆಗೆ: ರಾತ್ರಿ ಊಟವನ್ನು ಅತ್ತೆ ಬಡಿಸಲಿ, ಸುಧಾ ಎಲ್ಲರ ಜೊತೆ ಕೂರಲಿ.

"ಅದು ಅವರ ಮನೆ ವಿಚಾರ, ನಿಮ್ಮ ಕೆಲಸ ಊಟದ ಸಲಹೆ ಅಷ್ಟೇ" ಎಂದರು ಸಹೋದ್ಯೋಗಿಯೊಬ್ಬರು. ಅವರ ಭಯ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಜಗಳ ಹುಟ್ಟಿದರೆ ಏಟು ಬೀಳುವುದು ಸೊಸೆಗೇ. ಅದಕ್ಕೇ ಮೊದಲು ಸುಧಾಳನ್ನು ಕೇಳಿದೆ. ಆಕೆ ಒಪ್ಪಿದ ಮೇಲೆ ಅತ್ತೆಯನ್ನು ಕರೆಸಿದೆ. ಆದರೆ ಊಟದ ಸಲಹೆ ತಟ್ಟೆ ತಲುಪಬೇಕಲ್ಲ? ತಾನೇ ಬಡಿಸುವ ಹೆಂಗಸು ತನಗೆ ಕಡಿಮೆ ಬಡಿಸಿಕೊಳ್ಳುತ್ತಾಳೆ. ಬೇರೆಯವರು ಬಡಿಸಿದರೆ ಅವಳ ತಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ಇವತ್ತು ಕೇಳಿದರೂ ಇದನ್ನೇ ಹೇಳುತ್ತೇನೆ.

ಅತ್ತೆ ಬಂದರು. ಜೋರು ಮಾಡುತ್ತಾರೇನೋ ಅಂದುಕೊಂಡಿದ್ದೆ. ರಕ್ತ ಪರೀಕ್ಷೆಯ ಚೀಟಿಯನ್ನು ತುಂಬಾ ಹೊತ್ತು ಕೈಯಲ್ಲಿ ಹಿಡಿದಿದ್ದರು. ಓದಲು ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. "ನಾನೂ ಸಾರಿನ ತಿಳಿ ತಿಂದೇ ಆರು ಹೆತ್ತೆ. ಎರಡು ಉಳೀಲಿಲ್ಲ" ಎಂದರು. ಮುಂದೆ ಏನೂ ಹೇಳಲಿಲ್ಲ. ಅವತ್ತು ರಾತ್ರಿಯಿಂದ ಸೌಟು ಅವರ ಕೈಯಲ್ಲಿದೆಯಂತೆ.

ಎಲ್ಲ ಮನೆಯಲ್ಲೂ ಹೀಗಾಗಲ್ಲ. ಇನ್ನೊಂದು ಪ್ರಕರಣದಲ್ಲಿ ಅತ್ತೆ ಬರಲೇ ಇಲ್ಲ. ಆ ಸೊಸೆಗೆ, ಅಡುಗೆ ಮಾಡುವಾಗಲೇ ನಿಮ್ಮ ಪಾಲನ್ನು ಬೇರೆ ಬಟ್ಟಲಲ್ಲಿ ತೆಗೆದಿಡಿ ಎಂದು ಹೇಳಿದೆ. ಅದು ಸಣ್ಣ ದಾರಿ, ಆದರೂ ದಾರಿಯೇ.

ಮೂರು ತಿಂಗಳಿಗೆ ಸುಧಾಳ ಹಿಮೋಗ್ಲೋಬಿನ್ 10.6 ಆಯಿತು. ಏರಿಸಿದ್ದು ಹೆಚ್ಚಾಗಿ ಮಾತ್ರೆ. ಮಾತ್ರೆ ಬಿಟ್ಟ ಮೇಲೆ ಅದನ್ನು ಇಳಿಯದಂತೆ ಹಿಡಿಯಬೇಕಾದ್ದು ಊಟ. ಹಾಗಾಗಿ ಇನ್ನೂ ಮುಗಿದಿಲ್ಲ, ಡಾಕ್ಟರು ಮಾತ್ರೆ ಮುಂದುವರಿಸಿದ್ದಾರೆ. ಟೀ ಮಾತ್ರ ಬಿಟ್ಟಿಲ್ಲ. ಕಾರ್ಖಾನೆಯಲ್ಲಿ ಊಟಕ್ಕೆ ಸಿಗುವುದೇ ಅರ್ಧ ಗಂಟೆ, ಟೀ ಬರುವುದೂ ಆಗಲೇ. ಮಾತ್ರೆಯನ್ನು ರಾತ್ರಿಗೆ ಬದಲಿಸಿದ್ದೇವೆ.

ಕಳೆದ ಸಲ ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು, "ಈ ಭಾನುವಾರ ಆರು ತಂದೆ ಮೇಡಂ. ನಾದಿನಿ ಬಂದಿದ್ಲು."