36 ಗೋಲಿನ ಊರು ಆರ್ಬ್ರೋತ್

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಕ್ರೀಡಾ ಪುಟದಲ್ಲಿ ಸ್ಕಾಟ್ಲೆಂಡಿನ ಆರ್ಬ್ರೋತ್ ಫುಟ್‌ಬಾಲ್ ತಂಡ ಒಮ್ಮೆ 36–0ರಿಂದ ಗೆದ್ದಿತ್ತು ಎಂದು ಓದಿದೆ. ಇದು ನಿಜವೇ? ಎದುರಿಗಿದ್ದವರು ಕ್ರಿಕೆಟ್ ಆಡುವವರಂತೆ, ಹೌದಾ? ಆ ಪಂದ್ಯ ಬಿಟ್ಟರೆ ಆ ಸಣ್ಣ ಊರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ?"

ಲೆಕ್ಕ ಸರಿಯಾಗಿಯೇ ಇದೆ. 1885ರ ಸೆಪ್ಟೆಂಬರ್ 12, ಸ್ಕಾಟಿಷ್ ಕಪ್‌ನ ಮೊದಲ ಸುತ್ತು. ಅಬರ್ಡೀನ್‌ನಿಂದ ಬಂದಿದ್ದ ಬಾನ್ ಅಕಾರ್ಡ್ ತಂಡಕ್ಕೆ ಆರ್ಬ್ರೋತ್ 36 ಗೋಲು ಹೊಡೆಯಿತು. 13 ಗೋಲು ಜಾನ್ ಪೆಟ್ರಿ ಎಂಬ ಹದಿಹರೆಯದ ಹುಡುಗನದು. ಆಗಿನ್ನೂ ಗೋಲುಕಂಬಕ್ಕೆ ಬಲೆ ಕಟ್ಟುವ ಪದ್ಧತಿ ಬಂದಿರಲಿಲ್ಲ. ಗೋಲಾದಾಗಲೆಲ್ಲ ಚೆಂಡು ಹಿಂದಕ್ಕೆ ಉರುಳಿ ಹೋಗುತ್ತಿತ್ತು, ಯಾರಾದರೂ ಓಡಿಹೋಗಿ ತರಬೇಕಿತ್ತು. ಹಾಗೆ ತಂದು ತಂದೇ 36! ಅದೇ ದಿನ ಪಕ್ಕದ ಡಂಡೀಯಲ್ಲಿ ಡಂಡೀ ಹಾರ್ಪ್ ತಂಡ 35–0ರಿಂದ ಗೆದ್ದಿತು. ಅಲ್ಲಿ ಸೋತವರೂ ಅಬರ್ಡೀನ್‌ನವರೇ, ಪಾಪ. ಕ್ರಿಕೆಟ್ ತಂಡಕ್ಕೆ ತಪ್ಪಿ ಆಹ್ವಾನ ಹೋಗಿತ್ತು ಅನ್ನೋದು ಬಾಯಿಂದ ಬಾಯಿಗೆ ಬಂದ ಕಥೆ. ಅದನ್ನು ಇತಿಹಾಸ ಅಂತ ನಾವು ಅಚ್ಚು ಹಾಕುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮುಖ್ಯ ಅನ್ನಿಸಿತು. ಆ ಅಂಕಿಯಿಂದಾಗಿಯೇ ಊರು ಮರೆಯಾಗಿಬಿಟ್ಟಿದೆ. ಆರ್ಬ್ರೋತ್ ಇರುವುದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ. ಕ್ಲಬ್ ಹುಟ್ಟಿದ್ದು 1878ರಲ್ಲಿ. ಅದರ ಗೇಫೀಲ್ಡ್ ಮೈದಾನಕ್ಕೂ ಸಮುದ್ರಕ್ಕೂ ನಡುವೆ ಇರುವ ಜಾಗ ಕೆಲವೇ ಮೀಟರ್. ಗಾಳಿ ಜೋರಾದ ದಿನ ಗೋಲ್‌ಕೀಪರ್ ಒದ್ದ ಚೆಂಡು ಅವನ ಕಡೆಗೇ ತಿರುಗಿ ಬರುವುದುಂಟು. ಆಟಗಾರರಿಗೆ ಅಲ್ಲಿನವರು ಇಟ್ಟಿರುವ ಅಡ್ಡಹೆಸರು ರೆಡ್ ಲಿಕ್ಟೀಸ್, ಅಂದರೆ ಕೆಂಪು ದೀಪದವರು. ಮೀನುಗಾರರ ದೋಣಿಗಳಿಗೆ ಬಂದರಿನ ದಾರಿ ತೋರಿಸುತ್ತಿದ್ದ ದೀಪದಿಂದ ಬಂದ ಹೆಸರದು.

ಈ ಊರಿನ ಕಥೆಯಲ್ಲಿ ಎಲ್ಲಿ ನೋಡಿದರೂ ದೀಪವೇ. 1178ರಲ್ಲಿ ರಾಜ ವಿಲಿಯಂ ಕಟ್ಟಿಸಿದ ಕೆಂಪು ಕಲ್ಲಿನ ಮಠ ಈಗ ಪಾಳುಬಿದ್ದಿದೆ. ಅದರ ಎತ್ತರದ ದುಂಡು ಕಿಟಕಿಯಲ್ಲಿ ಹಿಂದೆ ನಾವಿಕರಿಗಾಗಿ ಬೆಳಕು ಇಡುತ್ತಿದ್ದರಂತೆ. ನಮ್ಮ ಮೇಲೆ ಇಂಗ್ಲೆಂಡಿನ ಆಳ್ವಿಕೆ ಒಪ್ಪೆವು ಎಂದು ಸ್ಕಾಟ್ಲೆಂಡಿನ ಸರದಾರರು 1320ರಲ್ಲಿ ಪೋಪ್‌ಗೆ ಬರೆದ ಪತ್ರಕ್ಕೂ ಇದೇ ಮಠದ ಊರಿನ ಹೆಸರು. ತೀರದಿಂದ ಸುಮಾರು 18 ಕಿ.ಮೀ. ದೂರದಲ್ಲಿ, ಸಮುದ್ರ ಉಬ್ಬರವಾದಾಗ ಪೂರ್ತಿ ಮುಳುಗುವ ಒಂದು ಬಂಡೆಯ ಮೇಲೆ ಬೆಲ್ ರಾಕ್ ದೀಪಸ್ತಂಭ ನಿಂತಿದೆ. 1811ರಲ್ಲಿ ಹೊತ್ತಿದ ದೀಪ ಇವತ್ತಿಗೂ ಉರಿಯುತ್ತಿದೆ. ಅಲ್ಲಿನ ಕಾವಲುಗಾರರಿಗೆ ಸುದ್ದಿ ಮುಟ್ಟಿಸಲು 1813ರಲ್ಲಿ ದಡದ ಮೇಲೆ ಸಿಗ್ನಲ್ ಟವರ್ ಕಟ್ಟಿದರು. ಕಾವಲುಗಾರನಿಗೆ ಗಂಡು ಮಗುವಾದರೆ ಕಂಬಕ್ಕೆ ಪ್ಯಾಂಟು, ಹೆಣ್ಣಾದರೆ ಲಂಗ ಏರಿಸುತ್ತಿದ್ದರಂತೆ! ವಾರಗಟ್ಟಲೆ ಬಂಡೆಯ ಮೇಲೆ ಕೂತ ಅಪ್ಪ ದುರ್ಬೀನಿನಲ್ಲಿ ಅದನ್ನು ಕಂಡಾಗ ಹೇಗನ್ನಿಸಿರಬೇಕು, ಯೋಚಿಸಿ. ಆ ಕಟ್ಟಡ ಈಗ ಮ್ಯೂಸಿಯಂ. ಇರುವುದು ಫುಟ್‌ಬಾಲ್ ಮೈದಾನದ ಮಗ್ಗುಲಲ್ಲೇ.

ತಿನ್ನೋದಕ್ಕೆ ಸ್ಮೋಕಿ ಇದೆ. ಹ್ಯಾಡಕ್ ಮೀನಿಗೆ ಉಪ್ಪು ಹಾಕಿಟ್ಟು, ಎರಡೆರಡನ್ನು ಬಾಲಕ್ಕೆ ದಾರ ಕಟ್ಟಿ ಜೋಡಿ ಮಾಡಿ, ಕೋಲಿಗೆ ನೇತುಹಾಕಿ, ಗಟ್ಟಿಮರದ ಕೆಂಡದ ಮೇಲೆ ಒದ್ದೆ ಗೋಣಿ ಮುಚ್ಚಿ ಬೇಯಿಸುತ್ತಾರೆ. ಹೊಗೆಯೂ ಹಬೆಯೂ ಸೇರಿ ಮೀನು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಆಕ್ಮಿಥಿ ಹಳ್ಳಿಯ ಬೆಸ್ತರು ತಂದ ಈ ಅಡುಗೆಗೆ 2004ರಲ್ಲಿ ಯುರೋಪಿನ ಜಿಐ (ಆ ಊರಿನದೇ ಎನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮ್ಮ ಮೈಸೂರು ಮಲ್ಲಿಗೆಗೆ ಸಿಕ್ಕಂತೆಯೇ ಅಲ್ವಾ?

ಹಾಗಾಗಿ ಆ ಊರಿನ ಬಗ್ಗೆ ಬರೆಯುವಾಗ ನಾವು ಆ ಒಂದು ಪಂದ್ಯಕ್ಕೇ ನಿಲ್ಲಬಾರದು. ಆಟದ ಮಾತೇ ಬೇಕೆಂದರೆ ನಾನು 1885ಕ್ಕಿಂತ 2021–22ರ ಋತುವನ್ನು ಮೇಲಿಡುತ್ತೇನೆ. ಆರ್ಬ್ರೋತ್ ಆಟಗಾರರು ಬೇರೆ ಬೇರೆ ಕೆಲಸ ಮಾಡಿಕೊಂಡು, ಸಂಜೆ ಅಭ್ಯಾಸಕ್ಕೆ ಬರುವವರು. ಆಟವನ್ನೇ ಪೂರ್ಣಾವಧಿ ಕಸುಬಾಗಿ ಮಾಡಿಕೊಂಡ ತಂಡಗಳ ನಡುವೆ, ದೇಶದ ಎರಡನೇ ದರ್ಜೆಯ ಲೀಗಿನಲ್ಲಿ ಅವರು ಎರಡನೇ ಸ್ಥಾನಕ್ಕೆ ಬಂದರು. ಮೊದಲ ಸ್ಥಾನ ಪಡೆದ ಕಿಲ್ಮಾರ್ನಾಕ್‌ಗೂ ಅವರಿಗೂ ಇದ್ದ ಅಂತರ ಬರೀ 2 ಅಂಕ.